ಕೊನೆಯ ಮನೆಯ ಪಾಲು
ಮನೆಗೆ ವಿಡಿಯೊ ತರುವ ದಾರಿಗಳ ಯೋಗ್ಯತೆ ತಿಳಿಯುವುದು ಬೀದಿಯ ಕೊನೆಯ ಮನೆಯಲ್ಲಿ. ದೂರವಾಣಿಯ ತಾಮ್ರದ ತಂತಿಯಲ್ಲಿ ಬರುವ ಡಿಎಸ್‌ಎಲ್ ಕಾಲುವೆಯ ನೀರಿನಂತೆ. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ವೇಗ ಸೊರಗುತ್ತದೆ. ಕೇಬಲ್ ಟಿವಿಯ ತಂತಿ ಹೆಚ್ಚು ಹೊರುತ್ತದೆ, ಆದರೆ ದಾರಿಯುದ್ದಕ್ಕೂ ವಿದ್ಯುತ್ ಬೇಡುವ ಆಂಪ್ಲಿಫೈಯರ್‌ಗಳು ಬೇಕು. ಡಿಟಿಎಚ್ ಉಪಗ್ರಹ ಕಾಡಂಚಿನ ಒಂಟಿಮನೆಗೂ ಚಿತ್ರ ತಲುಪಿಸುತ್ತದೆ; ಆದರೆ ಎಲ್ಲರಿಗೂ ಅದೇ, ಒಬ್ಬೊಬ್ಬರು ಕೇಳಿದ್ದನ್ನು ಕೊಡಲಾರದು. ಜಿಪಾನ್ ಫೈಬರ್ ಜಾಲದಲ್ಲಿ ಗಾಜಿನ ಒಂದೇ ಎಳೆ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಹೊತ್ತು, ವಿದ್ಯುತ್ ಬೇಡದ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತದೆ. ಎಚ್‌ಡಿ ವಿಡಿಯೊಗೆ ಸುಮಾರು 5 ಮೆಗಾಬಿಟ್ ಸಾಕು. 64 ಮನೆಗಳೂ ಒಟ್ಟಿಗೆ ನೋಡಿದರೂ ಬೇಕಾಗುವುದು 320 ಮೆಗಾಬಿಟ್. ಸುಮಾರು 20 ಕಿಲೋಮೀಟರ್ ದೂರದ ಮನೆಗೂ ಅದೇ ಪಾಲು. ಹಳ್ಳಿಗೆ ಎಳೆಯಬೇಕಾದದ್ದು ಫೈಬರನ್ನೇ.