ಕಣ್ಣಿನ ಅಕ್ಷರ, ಕಿವಿಯ ಅಕ್ಷರ

ಛಂದಸ್ಸೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಅಂಕಗಳಿಕೆಯ ಗಣಿತವಾಗಿ ಪರಿಣಮಿಸಿದೆ. ಪದ್ಯದ ಸಾಲನ್ನು ಬರೆದು, ಮೇಲೆ ಲಘು-ಗುರುಗಳ ಚಿಹ್ನೆಯಿಟ್ಟು, ಗೆರೆಯೆಳೆದು ಗಣ ವಿಂಗಡಿಸಿದರೆ ಮುಗಿಯಿತು. ಆ ಸಾಲನ್ನು ಒಮ್ಮೆಯಾದರೂ ಬಾಯಿಬಿಟ್ಟು ಓದಿದವರು ವಿರಳ. ದೋಷ ಅವರದಲ್ಲ; ಕಿವಿಯ ಶಾಸ್ತ್ರವನ್ನು ಕಣ್ಣಿಗೆ ಒಪ್ಪಿಸಿದ ನಮ್ಮ ಬೋಧನಕ್ರಮದ್ದು.

ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬ ಸೂತ್ರ ಎಲ್ಲರಿಗೂ ಕಂಠಸ್ಥ. ಏಕೆ ಗುರುವೆಂದು ಕೇಳಿದರೆ ಮೌನ. ವಿಜಯಪುರ ಜಿಲ್ಲೆಯ ಊರುಗಳ ಹೆಸರುಗಳನ್ನೇ ನೋಡೋಣ. ಮುದ್ದೇಬಿಹಾಳವೆಂಬಲ್ಲಿ ಲಿಪಿ 'ಮು-ದ್ದೇ' ಎಂದು ಒಡೆಯುತ್ತದೆ. ನಾಲಗೆ 'ಮುದ್-ದೇ' ಎಂದು ಒಡೆಯುತ್ತದೆ. ದಕಾರದ ಮೊದಲರ್ಧ ಹಿಂದಿನ ಸ್ವರಕ್ಕೆ ಅಂಟಿ ಆ ಉಚ್ಚಾರಾಂಶವನ್ನು ಮುಚ್ಚುತ್ತದೆ. ಎರಡು ಮಾತ್ರೆಯ ತೂಕ ಬರುವುದು ಅದರಿಂದಲೇ. ಸಿಂದಗಿಯಲ್ಲಿ ಬಿಂದು ಮಾಡುವ ಕೆಲಸವೂ ಇದೇ: ಸಿನ್-ದ-ಗಿ, ಭಗಣ. ಮಸೂತಿಯಲ್ಲಾದರೋ ಮುಚ್ಚಿದ ಉಚ್ಚಾರಾಂಶ ಒಂದೂ ಇಲ್ಲ. ನಡುವಣ ದೀರ್ಘವೊಂದೇ ಗುರು. ಅದು ಜಗಣ.

ದೂರದ ಇಟಲಿಯ ಭಾಷೆ ಈ ಮಾತನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಅಲ್ಲಿ 'ಪಲ್ಲ' ಎಂದರೆ ಚೆಂಡು, 'ಪಲ' ಎಂದರೆ ಸಲಿಕೆ. ನಮ್ಮ 'ಎಲ್ಲೆ', 'ಎಲೆ'ಗಳಂತೆ. ಬರಹದಲ್ಲಿ ಸಾಲು ತುಂಡಾದರೂ ಅವರು 'ಪಲ್-ಲ' ಎಂದೇ ಒಡೆಯುವರು. ನಾವು ಲಿಪಿಗೆ ಕಟ್ಟುಬಿದ್ದು ಹಾಗೆ ಒಡೆಯಲಾರೆವು. ಆದರೆ ಅವರಿಗೊಂದು ತೊಡಕುಂಟು. 'ಅಂಕೊರ' ಎಂಬುದರ ಮೊದಲನ್ನು ದನಿಯಿಂದ ಒತ್ತಿದರೆ ಲಂಗರು. ನಡುವನ್ನು ಒತ್ತಿದರೆ 'ಇನ್ನೂ' ಎಂಬರ್ಥ. ಈ ಭೇದವನ್ನು ಬರಹ ಸಾಮಾನ್ಯವಾಗಿ ತೋರಿಸುವುದಿಲ್ಲ. ಕನ್ನಡದಲ್ಲಿ ಅರ್ಥ ಬದಲಾಗುವುದು ದನಿಯ ಒತ್ತಿನಿಂದಲ್ಲ, ಕಾಲದ ಅಳತೆಯಿಂದ: ಬಿಡು ಬೇರೆ, ಬೀಡು ಬೇರೆ.

ಹಳಗನ್ನಡದ ಶಿಥಿಲದ್ವಿತ್ವ ಕಿವಿಯ ಅಧಿಕಾರಕ್ಕೆ ದೊಡ್ಡ ಸಾಕ್ಷಿ. ಬೆಮರ್ವನಿ, ಕುಳಿರ್ಗಾಳಿ ಮೊದಲಾದವುಗಳಲ್ಲಿ ಕಣ್ಣಿಗೆ ಒತ್ತಕ್ಷರವಿದೆ. ಆದರೂ ರೇಫವನ್ನು ತೇಲಿಸಿ ನುಡಿದಾಗ ಹಿಂದಿನ ಅಕ್ಷರ ಲಘುವಾಗಿಯೇ ನಿಲ್ಲುವುದು. ಕಣ್ಣನ್ನಷ್ಟೇ ನಂಬಿದವನಿಗೆ ಇದು ಅಪವಾದ. ಓದಿ ಕೇಳಿದವನಿಗೆ ಸಹಜಧರ್ಮ.

ನಾಗವರ್ಮನ ಛಂದೋಂಬುಧಿಯನ್ನು ಕಿಟ್ಟೆಲ್ಲರು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಅಂದಿನಿಂದ ಸೂತ್ರಗಳು ನಮ್ಮ ಕೈಯಲ್ಲಿವೆ. ಇನ್ನು ಆಗಬೇಕಾದುದು ಇಷ್ಟೇ: ತರಗತಿಯಲ್ಲಿ ಮೊದಲು ಪದ್ಯವನ್ನು ಗಟ್ಟಿಯಾಗಿ ಓದಿಸಬೇಕು, ಬಳಿಕ ಕೈತಟ್ಟಿ ಉಚ್ಚಾರಾಂಶಗಳನ್ನು ಎಣಿಸಬೇಕು, ಕೊನೆಗೆ ಪ್ರಸ್ತಾರ ಹಾಕಿಸಬೇಕು. ಈ ಕ್ರಮ ತಿರುವುಮುರುವಾದರೆ ಹತ್ತು ಶತಮಾನಗಳ ಕಾವ್ಯ ನಮ್ಮ ಮಕ್ಕಳ ಪಾಲಿಗೆ ಬರಿಯ ಗೆರೆಗಳಾಗಿ ಉಳಿಯುವುದು.