ಒಂಟಿಗಣ್ಣಿನ ಕಾರು

ದೀಪಾವಳಿಗೆ ಪುಣೆಯಿಂದ ಧಾರವಾಡದ ಹತ್ತಿರದ ನಮ್ಮೂರಿಗೆ ಹೊರಡುವ ಹಿಂದಿನ ಸಂಜೆ ನೋಡಿದರೆ, ಕಾರಿನ ಬಲಗಡೆ ಹೆಡ್‌ಲೈಟಿನಲ್ಲಿ ಹೈ ಬೀಮ್ ಇದೆ, ಲೋ ಬೀಮ್ ಇಲ್ಲ. "ಎಡಗಡೆದು ಐತಲ್ಲ, ನಡೀತೈತಿ" ಅಂದೆ. "ಹೈವೇ ಬಿಟ್ಟಮ್ಯಾಲೆ ಡಿವೈಡರ್ ಇಲ್ಲರಿ. ಎದುರಿಗೆ ಬರೋರು ಬೈಕ್ ಅನ್ಕೊಂಡು ನುಗ್ಗಿದ್ರ?" ಅಂದಳು ಹೆಂಡತಿ. ಬಾಯಿ ಮುಚ್ಚಿಕೊಂಡು ಬಾನೆಟ್ ತೆರೆದೆ.

ಲೈಟ್ ಆರಿಸಿ, ಬಲ್ಬ್ ತಣ್ಣಗಾದ ಮೇಲೆ ಎಡ-ಬಲದ ಬಲ್ಬ್‌ಗಳನ್ನು ಅದಲುಬದಲು ಮಾಡಿದೆ. ಆಫೀಸಿನ ಡೀಬಗ್ಗಿಂಗ್ ಬುದ್ಧಿ! ದೋಷ ಬಲ್ಬಿನ ಜೊತೆಗೇ ಎಡಕ್ಕೆ ಹೋಯಿತು. ಅಂದರೆ ಫ್ಯೂಸ್, ವೈರಿಂಗ್ ಸರಿ ಇವೆ. ನನ್ನ ಕಾರಿನದು ಎಚ್4 ಬಲ್ಬ್. ಅದರೊಳಗೆ ಎರಡು ಫಿಲಮೆಂಟ್: ಹೈಗೆ 60 ವ್ಯಾಟ್, ಲೋಗೆ 55. ಒಂದು ಸುಟ್ಟರೂ ಇನ್ನೊಂದು ಉರಿಯುತ್ತದೆ.

ಅಂಗಡಿಯವನು 100/90 ತೋರಿಸಿದ. ಬೇಡವೆಂದೆ, ಅಷ್ಟು ಬಿಸಿಗೆ ಹೋಲ್ಡರ್ ಕರಗೀತು. 60/55ರ ಜೋಡಿಯನ್ನೇ ತಂದೆ. ಹಾಕುವಾಗ ಗಾಜು ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ.

ಊರಿಗೆ ಹೊರಡುವ ಮುನ್ನ ನೀವೂ ಒಮ್ಮೆ ಗೋಡೆಯೆದುರು ಕಾರು ನಿಲ್ಲಿಸಿ, ಎರಡೂ ಕಣ್ಣು ತೆರೆದಿವೆಯೇ ನೋಡಿ. ಅಲ್ಲಿ ನಮಗಾಗಿ ಕಾಯುತ್ತಿರುತ್ತಾರೆ.