ಮಣಿಕಟ್ಟಿನ ಮೇಲೆ ಮೂರು ಬೆರಳು

ಈ ಪತ್ರಿಕೆಯನ್ನು ಒಂದು ಗಳಿಗೆ ಮಡಿಲಲ್ಲಿಡಿ. ಬಲಗೈಯ ಮೂರು ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಮೆಲ್ಲನೆ ಇಡಿ. ನಾಡಿ ಸಿಕ್ಕಿತೇ? ಈಗ ನಿಧಾನವಾಗಿ ಉಸಿರು ಎಳೆದುಕೊಳ್ಳಿ. ಅದಕ್ಕಿಂತಲೂ ನಿಧಾನವಾಗಿ ಬಿಡಿ. ಎಳೆಯುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ತಣ್ಣಗಾಗುತ್ತದೆ. ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುವುದರಿಂದ ಗೊತ್ತಾಗದಿದ್ದರೆ ಗಾಬರಿ ಬೇಡ.

ಅತ್ತೆಯ ಬಿ.ಪಿ. ಎಷ್ಟು, ಗಂಡನ ಶುಗರ್ ಎಷ್ಟು, ಮಗುವಿನ ಜ್ವರ ರಾತ್ರಿ ಎಷ್ಟಿತ್ತು ಎಂದು ಕೇಳಿದರೆ ನೀವು ತಟ್ಟನೆ ಹೇಳುತ್ತೀರಿ. ನಿಮ್ಮದೇ ನಾಡಿಯನ್ನು ಕೊನೆಯ ಸಲ ನೋಡಿಕೊಂಡದ್ದು ಯಾವಾಗ?

ಈ ವಿಷಯ ಎತ್ತಲು ಒಂದು ಕಾರಣವಿದೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಕಳೆದ ತಿಂಗಳು ಶಾಲೆಗೆ ಬಂದಿದ್ದರು. ಮೊಬೈಲಿನಲ್ಲಿ ಒಂದು ತರಗತಿಗೆ ಸೇರಿದ್ದರಂತೆ. ಯೋಗ, ಚೀನಾದ ಚಿಗಾಂಗ್, ಪೂರ್ವ ದೇಶಗಳ ಮೂಲಿಕೆ ಔಷಧಿ ಎಲ್ಲವನ್ನೂ ಬೆರೆಸಿದ ಪದ್ಧತಿ. “ಟೀಚರ್, ಇದನ್ನು ನಾವು ಮಾಡಬಹುದಾ? ಮಾಡಿದರೆ ಪ್ರಯೋಜನ ಉಂಟಾ?” ಎಂದು ಕೇಳಿದರು. ಮಾತಿನ ನಡುವೆ ಮೂರನೆಯ ವಿಷಯವೊಂದು ಹೊರಬಿತ್ತು. ಮೂರು ವಾರಗಳಿಂದ ಅವರು ಬಿ.ಪಿ. ಮಾತ್ರೆ ನಿಲ್ಲಿಸಿದ್ದರು.

ಮೊದಲ ಪ್ರಶ್ನೆಯಿಂದಲೇ ಹೊರಡೋಣ. ಇಂತಹ ವಿದ್ಯೆಗಳನ್ನು ಕಂಡು ನಮ್ಮ ಹಿರಿಯರು ಕಣ್ಣು ಮುಚ್ಚಿಕೊಂಡವರಲ್ಲ. 11ನೇ ಶತಮಾನದಲ್ಲಿ ಅಲ್‌ಬಿರೂನಿ ಸಂಸ್ಕೃತ ಕಲಿತು ಪತಂಜಲಿಯ ಯೋಗ ಗ್ರಂಥವನ್ನು ಅರಬಿಗೆ ತಂದರು. 16ನೇ ಶತಮಾನದಲ್ಲಿ ಗ್ವಾಲಿಯರ್‌ನ ಸೂಫಿ ಮುಹಮ್ಮದ್ ಗೌಸ್ ಯೋಗದ ಆಸನ ಮತ್ತು ಉಸಿರಾಟದ ಬಗ್ಗೆ ‘ಬಹ್ರುಲ್ ಹಯಾತ್’ ಎಂಬ ಪಾರ್ಸಿ ಪುಸ್ತಕ ಬರೆದರು. 1600ರ ಆಸುಪಾಸಿನ ಅದರ ಒಂದು ಹಸ್ತಪ್ರತಿ ಆಸನಗಳ ಸುಂದರ ವರ್ಣಚಿತ್ರಗಳೊಂದಿಗೆ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ ಇಂದಿಗೂ ಇದೆ. ಚೀನಾದ ವೈದ್ಯವೂ ನಮಗೆ ಹೊಸತಲ್ಲ. ಇರಾನಿನಲ್ಲಿ ಮಂಗೋಲ್ ದೊರೆಗಳ ವಝೀರ್ ಆಗಿದ್ದ ರಶೀದುದ್ದೀನ್ 1313ರ ಹೊತ್ತಿಗೆ ಚೀನೀ ವೈದ್ಯ ಗ್ರಂಥಗಳನ್ನು ಪಾರ್ಸಿಗೆ ಮಾಡಿಸಿದರು. ಅದರಲ್ಲಿ ನಾಡಿ ನೋಡುವ ಪಾಠವೂ ಇತ್ತು. ಚೀನೀ ವೈದ್ಯರು ಮೂರು ಬೆರಳಿಟ್ಟು ನಾಡಿ ನೋಡುತ್ತಾರೆ, ಆಯುರ್ವೇದದ ವೈದ್ಯರೂ ಹಾಗೆಯೇ. ಯುನಾನಿ ಹಕೀಮರಂತೂ ನಾಡಿಯಿಲ್ಲದೆ ಮಾತೇ ಆಡುವುದಿಲ್ಲ.

ಕೈ ಚಾಚುವುದು, ಬೆನ್ನು ಬಗ್ಗಿಸುವುದು, ಉಸಿರಾಡುವುದು ಯಾರೊಬ್ಬರ ಆಸ್ತಿಯೂ ಅಲ್ಲ ಎಂಬುದು ನನ್ನ ತಿಳುವಳಿಕೆ. ಮಂತ್ರ ಪಠಣ, ಸೂರ್ಯನಿಗೆ ನಮನ ಮುಂತಾದವು ಆರಾಧನೆಗೆ ಸೇರಿದವು. ಅವುಗಳನ್ನು ಗೌರವದಿಂದಲೇ ಬಿಟ್ಟುಬಿಡಿ. ಇದರ ಜೊತೆಗೆ ಇನ್ನೊಂದು ಮಾತು. “ನಮಾಝೇ ನಮ್ಮ ಯೋಗ, ಬೇರೇನೂ ಬೇಡ” ಎಂದು ಕೆಲವರು ಹೆಮ್ಮೆಯಿಂದ ಹೇಳುವುದಿದೆ. ನನಗಿದು ಸರಿ ಕಾಣುವುದಿಲ್ಲ. ನಮಾಝ್ ಆರಾಧನೆ, ಅದನ್ನು ಕಸರತ್ತಿನ ಮಟ್ಟಕ್ಕೆ ಇಳಿಸುವುದೇಕೆ? ಮಂಡಿ ನೋವಿನಿಂದ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ಸಹೋದರಿಯರು ನಮ್ಮ ನಡುವೆ ಎಷ್ಟಿಲ್ಲ! ಅವರ ದೇಹಕ್ಕೆ ಬೇರೆ ಆರೈಕೆಯೂ ಬೇಕಲ್ಲವೇ?

ಇಬ್ನು ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಆರೋಗ್ಯ ಕಾಪಾಡುವ ಕ್ರಮವನ್ನು ಹೇಳುವಾಗ ಮೊದಲು ವ್ಯಾಯಾಮ, ಆಮೇಲೆ ಆಹಾರ, ಆಮೇಲೆ ನಿದ್ರೆ ಎಂದು ಇಡುತ್ತಾರೆ. ಅವರ ವ್ಯಾಯಾಮದ ಪಟ್ಟಿಯಲ್ಲಿ ಕುಸ್ತಿ, ಓಟದ ಜೊತೆಗೆ ಉಯ್ಯಾಲೆಯೂ ಇದೆ!

ಇನ್ನು ಚಿಗಾಂಗ್. ‘ಚಿ’ ಎಂದರೆ ಉಸಿರು, ಪ್ರಾಣ. ‘ಗಾಂಗ್’ ಎಂದರೆ ಶ್ರಮಪಟ್ಟು ಗಳಿಸಿದ ಅಭ್ಯಾಸ. ಚಿಕಿತ್ಸೆಯ ಹೆಸರಾಗಿ ಈ ಪದ ಹರಡಿದ್ದು 1950ರ ದಶಕದಲ್ಲಿ. ಆದರೆ ಅಭ್ಯಾಸ ಮಾತ್ರ ಬಹಳ ಹಳೆಯದು. ಚೀನಾದ ಹುನಾನ್ ಪ್ರಾಂತ್ಯದ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ 168ರ ಸಮಾಧಿಯೊಂದನ್ನು 1973ರಲ್ಲಿ ಅಗೆಯಲಾಯಿತು. ಅಲ್ಲಿ ಸಿಕ್ಕ ರೇಷ್ಮೆ ಬಟ್ಟೆಯ ಮೇಲೆ ವ್ಯಾಯಾಮ ಮಾಡುತ್ತಿರುವ 44 ಜನರ ಚಿತ್ರಗಳಿವೆ. ಗಂಡಸರಿದ್ದಾರೆ, ಹೆಂಗಸರಿದ್ದಾರೆ, ಮುದುಕರೂ ಇದ್ದಾರೆ. ಎರಡು ಸಾವಿರ ವರ್ಷದ ಹಿಂದಿನ ಆ ಹೆಂಗಸರಿಗೂ ಸೊಂಟ ನೋವು ಇದ್ದಿರಬೇಕು ಎಂದು ನನಗೆ ಅನಿಸಿತು.

2003ರಲ್ಲಿ ಚೀನಾದ ಕ್ರೀಡಾ ಇಲಾಖೆ ನಾಲ್ಕು ಬಗೆಯ ಚಿಗಾಂಗನ್ನು ಕ್ರಮಬದ್ಧಗೊಳಿಸಿ ಜನರಿಗೆ ಕೊಟ್ಟಿತು. ಅವುಗಳಲ್ಲಿ ಸುಲಭವಾದದ್ದು ‘ಬಾ ದುವಾನ್ ಜಿನ್’, ಅಂದರೆ ಎಂಟು ತುಂಡು ಜರಿ ಬಟ್ಟೆ. ಅದರ ಮೊದಲನೆಯದನ್ನು ಅಡುಗೆಮನೆಯಲ್ಲೇ ಮಾಡಬಹುದು. ಕಾಲುಗಳನ್ನು ಭುಜದಷ್ಟು ಅಗಲಿಸಿ ನಿಲ್ಲಿ. ಮಂಡಿ ತುಸು ಸಡಿಲವಿರಲಿ. ಹೊಟ್ಟೆಯ ಮುಂದೆ ಎರಡೂ ಕೈಬೆರಳುಗಳನ್ನು ಹೆಣೆದು, ಉಸಿರೆಳೆಯುತ್ತಾ ಮೇಲೆತ್ತಿ. ಎದೆಯ ಬಳಿ ಅಂಗೈ ತಿರುಗಿಸಿ ಮಾಡಿನ ಕಡೆ ಒತ್ತಿ, ಒಂದು ಗಳಿಗೆ ನಿಲ್ಲಿ. ಉಸಿರು ಬಿಡುತ್ತಾ ಕೈಗಳನ್ನು ಎರಡು ಬದಿಗೆ ಇಳಿಸಿ. ಎಂಟನೆಯದು ಇನ್ನೂ ಸುಲಭ. ಹಿಮ್ಮಡಿ ಎತ್ತಿ ಮೆಲ್ಲನೆ ಊರುವುದು, ಏಳು ಸಲ. ಬೀಳುವ ಭಯವಿದ್ದವರು ಕುರ್ಚಿ ಹಿಡಿದುಕೊಳ್ಳಲಿ. ಕುಕ್ಕರ್ ಮೂರು ಸೀಟಿ ಹಾಕುವುದರೊಳಗೆ ಎರಡೂ ಮುಗಿಯುತ್ತವೆ.

ಪ್ರಯೋಜನ ಉಂಟೇ? ಉಂಟು. ನಿಧಾನವಾಗಿ ಉಸಿರು ಬಿಟ್ಟಾಗ ಹೃದಯವನ್ನು ತಣ್ಣಗಾಗಿಸುವ ನರ ಕೆಲಸ ಮಾಡುತ್ತದೆ. ನಿಮ್ಮ ಬೆರಳ ತುದಿಗೆ ಈಗಷ್ಟೇ ಸಿಕ್ಕಿದ್ದು ಅದೇ. ಯೋಗದಿಂದ ಬಹುಕಾಲದ ಸೊಂಟನೋವಿಗೆ ಸ್ವಲ್ಪ ಮಟ್ಟಿನ ಉಪಶಮನ ಸಿಗುತ್ತದೆ, ಚಿಗಾಂಗ್‌ನ ಬಂಧುವಾದ ತಾಯ್ ಚಿಯಿಂದ ವೃದ್ಧರು ಬೀಳುವುದು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ಕಂಡುಕೊಂಡಿವೆ. ಆದರೆ ‘ಚಿ’ ಎಂಬ ಶಕ್ತಿಯನ್ನು ಹರಿಸಿ ಕ್ಯಾನ್ಸರ್ ಓಡಿಸುತ್ತೇನೆ ಎನ್ನುವವರ ಬಳಿ ಸುಳಿಯಬೇಡಿ. ರಕ್ತದೊತ್ತಡ ಇರುವವರು, ಗರ್ಭಿಣಿಯರು ಕಪಾಲಭಾತಿಯಂತಹ ರಭಸದ ಉಸಿರಾಟ ಮಾಡಕೂಡದು, ಶೀರ್ಷಾಸನವೂ ಬೇಡ.

ಭಯ ಹುಟ್ಟಿಸುವುದು ಮೂರನೆಯದು, ಔಷಧಿ. ಬೆಲ್ಜಿಯಮ್ ದೇಶದ ಬ್ರಸೆಲ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸಲು ಹೋದ ಹೆಂಗಸರಿಗೆ ಚೀನೀ ಮೂಲಿಕೆ ಬೆರೆಸಿದ ಮಾತ್ರೆಗಳನ್ನು ಕೊಡಲಾಯಿತು. ಒಂದು ಬೇರಿನ ಬದಲು ಆರಿಸ್ಟೊಲೋಕಿಯಾ ಎಂಬ ಬೇರೊಂದು ಗಿಡದ ಬೇರು ಅದರಲ್ಲಿ ಸೇರಿಕೊಂಡಿತ್ತು. ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡಗಳು ಹಾಳಾದವು. ಅವರಲ್ಲಿ ಎಷ್ಟೋ ಮಂದಿಗೆ ಡಯಾಲಿಸಿಸ್ ಬೇಕಾಯಿತು, ಕೆಲವರಿಗೆ ಮುಂದೆ ಕ್ಯಾನ್ಸರೂ ಬಂತು. ಅಮೆರಿಕದ ಬೋಸ್ಟನ್ ಪರಿಸರದ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಪಾಷಾಣ ಇದ್ದುದು 2004ರಲ್ಲಿ ಪ್ರಕಟವಾಯಿತು. ಇದು ಆಯುರ್ವೇದದ ದೂಷಣೆಯಲ್ಲ. ಹೆಸರಿಲ್ಲದ ಪುಡಿ, ಚೀಟಿಯಿಲ್ಲದ ಡಬ್ಬಿ ಯಾವ ಪದ್ಧತಿಯದ್ದಾದರೂ ಅಪಾಯವೇ. ‘ಯುನಾನಿ’ ಎಂದು ಬರೆದಿದ್ದರೂ ಅಷ್ಟೇ. ಓದಿ ಪದವಿ ಪಡೆದ ಹಕೀಮರ ಬಳಿ ಹೋಗಿ, ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಅವರ ಮುಂದಿಡಿ. ಡಾಕ್ಟರ ಬಳಿ ಹಕೀಮರ ಔಷಧಿಯನ್ನೂ ಮುಚ್ಚಿಡಬೇಡಿ.

ಆ ತಾಯಿಯನ್ನು ಅಂದೇ ಸಂಜೆ ಡಾಕ್ಟರ ಬಳಿಗೆ ಹೋಗಲು ಒಪ್ಪಿಸಿದೆ. ಬಿ.ಪಿ. 170/104 ಇತ್ತು. ತಲೆನೋವಿದ್ದರೂ ‘ದೇಹದ ವಿಷ ಹೊರಗೆ ಹೋಗುತ್ತಿದೆ’ ಎಂಬ ಮೊಬೈಲಿನ ಮಾತನ್ನು ನಂಬಿ ಕುಳಿತಿದ್ದರಂತೆ. ಮಾತ್ರೆ ಮತ್ತೆ ಶುರುವಾಯಿತು. ಹೆಸರಿಲ್ಲದ ಪುಡಿಯ ಡಬ್ಬಿಯನ್ನು ಡಾಕ್ಟರು ತಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡರು. ಕೈ ಎತ್ತಿ ಉಸಿರಾಡುವುದನ್ನು ಬಿಡಬೇಕಿಲ್ಲ ಎಂದೂ ಹೇಳಿ ಕಳಿಸಿದರು.

ಮೊನ್ನೆ ಶಾಲೆಯ ಗೇಟಿನ ಬಳಿ ಅವರೇ ಸಿಕ್ಕಿದರು. “ಟೀಚರ್, ದಿನಾ ಸುಬ್‌ಹ್ ನಮಾಝ್ ಆದ ಮೇಲೆ ಮಾಡ್ತೇನೆ. ಈಗ ನಮ್ಮ ಅತ್ತೆಯೂ ಕುರ್ಚಿ ಹಿಡ್ಕೊಂಡು ಹಿಮ್ಮಡಿ ಎತ್ತುತ್ತಾರೆ” ಎಂದು ನಕ್ಕರು.